ಸೆಕ್ಷನ್ 8 ಇನ್‌ಸ್ಪೆಕ್ಷನ್: ಬಾಡಿಗೆ ಮನೆಯನ್ನು ಅಣಿ ಮಾಡುವುದು ಹೇಗೆ

ಅಮೆರಿಕದ ಒಂದು ಊರಲ್ಲಿ ಮನೆ ಕೊಂಡು, ಆಮೇಲೆ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಬೇಕಾಗಿ ಬಂದಾಗ ಹಳೆಯ ಮನೆಯನ್ನು ಮಾರದೆ ಬಾಡಿಗೆಗೆ ಬಿಡುವ ಕನ್ನಡಿಗರಿದ್ದಾರೆ. ಜಾಹೀರಾತು ಹಾಕಿದ ಮೇಲೆ ಬರುವ ಕರೆಗಳಲ್ಲಿ ಒಂದಾದರೂ ಹೀಗಿರುತ್ತದೆ: "ನಮ್ಮ ಹತ್ತಿರ ಸೆಕ್ಷನ್ 8 ವೋಚರ್ ಇದೆ, ಆಗುತ್ತಾ?" ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ವೋಚರ್ ಇದೆ ಎಂಬ ಒಂದೇ ಕಾರಣಕ್ಕೆ ಬಾಡಿಗೆದಾರರನ್ನು ಬೇಡವೆನ್ನುವುದು ಕಾನೂನಿಗೆ ವಿರುದ್ಧ. ಹಾಗಾಗಿ ಮಾಲೀಕರು ಈ ವ್ಯವಸ್ಥೆಯನ್ನು ಅರಿತಿರಲೇಬೇಕು. ಅದರಲ್ಲಿ ಹೆಚ್ಚು ಜನ ಎಡವುವ ಹಂತ ಮನೆಯ ತಪಾಸಣೆ.

ವೋಚರ್ ಎಂದರೇನು

ಇಲ್ಲಿ ಸರ್ಕಾರ ಮನೆ ಕಟ್ಟಿಸಿ ಹಂಚುವುದಿಲ್ಲ. ನಮ್ಮಲ್ಲಿ ಆಯುಷ್ಮಾನ್ ಕಾರ್ಡ್ ಹಿಡಿದು ಖಾಸಗಿ ಆಸ್ಪತ್ರೆಗೆ ಹೋದರೆ ಸರ್ಕಾರ ಹಣವನ್ನು ನೇರವಾಗಿ ಆಸ್ಪತ್ರೆಗೆ ಕಟ್ಟುತ್ತದಲ್ಲ, ಇದೂ ಹೆಚ್ಚುಕಡಿಮೆ ಹಾಗೆಯೇ. ಕಡಿಮೆ ಆದಾಯದ ಕುಟುಂಬ ವೋಚರ್ ಹಿಡಿದು ತನಗೆ ಬೇಕಾದ ಖಾಸಗಿ ಮನೆ ಹುಡುಕುತ್ತದೆ. ತನ್ನ ಲೆಕ್ಕಕ್ಕೆ ಬರುವ ಆದಾಯದ ಸುಮಾರು 30% ಅನ್ನು ತಾನು ಕೊಡುತ್ತದೆ, ಉಳಿದ ಬಾಡಿಗೆಯನ್ನು ಊರಿನ ಹೌಸಿಂಗ್ ಅಥಾರಿಟಿ, ಎಂದರೆ ಸ್ಥಳೀಯ ವಸತಿ ಸಂಸ್ಥೆ, ಪ್ರತಿ ತಿಂಗಳು ಮಾಲೀಕರ ಖಾತೆಗೆ ಹಾಕುತ್ತದೆ. ಹಣ ಬರುವುದು ಒಕ್ಕೂಟ ಸರ್ಕಾರದ ವಸತಿ ಇಲಾಖೆಯಿಂದ. ಇಲಾಖೆಯನ್ನು ಎಲ್ಲರೂ ಕರೆಯುವುದು 'ಹಡ್' ಎಂದು. 1937ರ ವಸತಿ ಕಾಯ್ದೆಯ 8ನೇ ಸೆಕ್ಷನ್‌ಗೆ 1974ರಲ್ಲಿ ತಂದ ತಿದ್ದುಪಡಿಯಿಂದ ಈ ನೆರವು ಶುರುವಾಯಿತು, ಆ ಹೆಸರೇ ಜನರ ಬಾಯಲ್ಲಿ ಉಳಿಯಿತು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಒಪ್ಪಂದದಲ್ಲಿ ಬರೆದ ಬಾಡಿಗೆಯ ಮೇಲೆ ಕೈಯಿಂದ ಕೈಗೆ ಇನ್ನಷ್ಟು ಕೊಡಿ ಎಂದು ಬಾಡಿಗೆದಾರರನ್ನು ಕೇಳುವಂತಿಲ್ಲ, ಅದು ವಂಚನೆ ಎನಿಸುತ್ತದೆ. ವೋಚರ್ ಇರುವವರು ಮಾಲೀಕರ ತಂದೆತಾಯಿ, ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರು, ಅಜ್ಜಅಜ್ಜಿ ಅಥವಾ ಮೊಮ್ಮಕ್ಕಳಾಗಿದ್ದರೂ ಸಾಮಾನ್ಯವಾಗಿ ಅನುಮತಿ ಸಿಗುವುದಿಲ್ಲ. ಅಂಗವಿಕಲರ ಅನುಕೂಲಕ್ಕಾಗಿ ಮಾತ್ರ ವಿನಾಯಿತಿ ಉಂಟು.

ಲಾರಿಗೆ ಎಫ್‌ಸಿ ಮಾಡಿಸಿದ ಹಾಗೆ

ಆರ್‌ಟಿಒ ಕಚೇರಿಯಲ್ಲಿ ಲಾರಿಗೆ ಎಫ್‌ಸಿ ಮಾಡಿಸುವಾಗ ಬಾಡಿಯ ಚಿತ್ತಾರ ಎಷ್ಟು ಚೆಂದ ಎಂದು ಯಾರೂ ನೋಡುವುದಿಲ್ಲ. ಬ್ರೇಕ್ ಹಿಡಿಯುತ್ತದೆಯೇ, ಲೈಟ್ ಉರಿಯುತ್ತದೆಯೇ, ಟೈರ್ ಸವೆದಿದೆಯೇ, ಅಷ್ಟೇ. ಸೆಕ್ಷನ್ 8 ತಪಾಸಣೆಯೂ ಅದೇ ಜಾತಿಯದು. ಗ್ರಾನೈಟ್ ಕಟ್ಟೆಗೆ ಅಂಕವಿಲ್ಲ, ಹಳೆಯ ಕಾರ್ಪೆಟ್‌ಗೆ ದಂಡವೂ ಇಲ್ಲ. ಆದರೆ ಮಲಗುವ ಕೋಣೆಯ ಒಂದು ಸ್ವಿಚ್‌ಗೆ ಮುಚ್ಚಳವಿಲ್ಲದಿದ್ದರೆ ಅಷ್ಟಕ್ಕೇ ಮನೆ ಫೇಲ್.

ಆ ಫೇಲ್ ದುಬಾರಿಯಾಗುವುದು ರಿಪೇರಿಯ ಖರ್ಚಿನಿಂದಲ್ಲ. ಮುಚ್ಚಳಕ್ಕೆ ಒಂದೆರಡು ಡಾಲರ್ ಸಾಕು. ಮೊದಲ ತಪಾಸಣೆಯಲ್ಲಿ ಪಾಸಾಗದೆ ಹೌಸಿಂಗ್ ಅಥಾರಿಟಿ ಸಾಮಾನ್ಯವಾಗಿ ಹಣ ಶುರು ಮಾಡುವುದಿಲ್ಲ, ಮರುತಪಾಸಣೆಯ ದಿನ ಸಿಗುವಷ್ಟರಲ್ಲಿ ವಾರಗಳೇ ಕಳೆಯಬಹುದು, ಖಾಲಿ ಮನೆಯ ಆ ದಿನಗಳ ಬಾಡಿಗೆ ಹೋದಂತೆಯೇ. ಪ್ರಾಣಾಪಾಯ ಇಲ್ಲದ ಸಣ್ಣ ದೋಷಗಳಿದ್ದರೆ ಹಣ ಶುರು ಮಾಡಿ 30 ದಿನದಲ್ಲಿ ಸರಿಪಡಿಸಲು ಹೇಳುವ ಅವಕಾಶ ಕೆಲವು ಅಥಾರಿಟಿಗಳಲ್ಲಿದೆ. ಅದನ್ನು ನಂಬಿಕೊಂಡು ಕೂರಬಾರದು.

ತಪಾಸಣೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಬಾಡಿಗೆದಾರರು ಒಳಗೆ ಬಂದ ಮೇಲೂ ಕನಿಷ್ಠ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಸಣ್ಣ ಗ್ರಾಮೀಣ ಅಥಾರಿಟಿಗಳಲ್ಲಿ ಮೂರು ವರ್ಷಕ್ಕೊಮ್ಮೆ. ಬಾಡಿಗೆದಾರರು ದೂರು ಕೊಟ್ಟರೆ ನಡುವೆಯೂ ಬರುತ್ತಾರೆ.

ಎರಡು ಪಟ್ಟಿಗಳ ಗೊಂದಲ

ದಶಕಗಳಿಂದ ಬಳಕೆಯಲ್ಲಿರುವ ಪಟ್ಟಿಯ ಹೆಸರು ಎಚ್‌ಕ್ಯೂಎಸ್. 2023ರಲ್ಲಿ ಹಡ್ ಎನ್‌ಸ್ಪೈರ್ ಎಂಬ ಹೊಸ ಮಾನದಂಡ ಹೊರಡಿಸಿತು. ವೋಚರ್ ಮನೆಗಳಿಗೆ ಅದನ್ನು ಕಡ್ಡಾಯ ಮಾಡುವ ಗಡುವು ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಯಿತು. ಹಾಗಾಗಿ ನಿಮ್ಮ ಊರಿನ ಅಥಾರಿಟಿ ಯಾವ ಪಟ್ಟಿ ಹಿಡಿದು ಬರುತ್ತದೆ ಎಂಬುದನ್ನು ಮೊದಲೇ ಕೇಳಿ, ಆ ಪಟ್ಟಿಯನ್ನೇ ತರಿಸಿಕೊಳ್ಳಿ. ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಎರಡರಲ್ಲಿ ಎನ್‌ಸ್ಪೈರ್ ಬಿಗಿ. ಅದಕ್ಕೆ ತಕ್ಕಂತೆ ಮನೆ ಸಿದ್ಧ ಮಾಡಿದರೆ ಎಚ್‌ಕ್ಯೂಎಸ್‌ನ ಬಹುಪಾಲು ತಾನಾಗಿಯೇ ಮುಗಿಯುತ್ತದೆ. ಮುಂದೆ ಹೇಳುವ ಅಳತೆಗಳಲ್ಲಿ ಹೆಚ್ಚಿನವು ಆ ಲೆಕ್ಕದಲ್ಲೇ ಇವೆ.

ತಪಾಸಣೆಗೆ ಹತ್ತು ದಿನ ಮೊದಲು ಮನೆಯನ್ನು ಒಮ್ಮೆ ಸುತ್ತಬೇಕು. ಕೈಯಲ್ಲಿ ಟಾರ್ಚ್, ಅಳತೆ ಟೇಪು, ಸ್ಕ್ರೂಡ್ರೈವರ್, ಮತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಮೂರು ಪುಟ್ಟ ದೀಪಗಳಿರುವ ಔಟ್‌ಲೆಟ್ ಟೆಸ್ಟರ್ ಇರಲಿ. ದೂರದಲ್ಲಿದ್ದರೆ ಮನೆ ನೋಡಿಕೊಳ್ಳುವವರಿಗೆ ಇದೇ ನಾಲ್ಕನ್ನು ಕೊಟ್ಟು ವಿಡಿಯೋ ಕರೆಯಲ್ಲಿ ಜೊತೆಗೇ ಸುತ್ತಿಸಿ. "ಎಲ್ಲಾ ಸರಿ ಇದೆ ಸರ್" ಎಂಬ ಒಂದು ಸಾಲಿನ ಮೆಸೇಜನ್ನು ನೆಚ್ಚಿಕೊಳ್ಳಬೇಡಿ.

ಅಲಾರಂಗಳಿಂದ ಶುರು ಮಾಡಿ

ಮನೆಯ ಪ್ರತಿ ಅಂತಸ್ತಿನಲ್ಲಿ, ಬೇಸ್‌ಮೆಂಟ್ ಸೇರಿ, ಹೊಗೆ ಅಲಾರಂ ಇರಬೇಕು. ಪ್ರತಿ ಮಲಗುವ ಕೋಣೆಯ ಒಳಗೊಂದು, ಕೋಣೆಗಳ ಹೊರಗೆ ಹತ್ತಿರದಲ್ಲೊಂದು ಬೇಕು. ಹಜಾರದಲ್ಲಿ ಒಂದಿದ್ದರೆ ಸಾಕಾಗುತ್ತಿದ್ದ ಕಾಲ ಮುಗಿಯಿತು. ಬಾಗಿಲು ಮುಚ್ಚಿ ಮಲಗಿದವರಿಗೆ ಹೊರಗಿನ ಸದ್ದು ತಡವಾಗಿ ಕೇಳುತ್ತದೆ, ಬೆಂಕಿ ಕೋಣೆಯೊಳಗೇ ಹತ್ತಿದರೆ ಹೊರಗಿನ ಅಲಾರಂಗೆ ಹೊಗೆ ತಲುಪುವುದೂ ತಡ.

2022ರಲ್ಲಿ ಬಂದ ಕಾಯ್ದೆಯ ಪ್ರಕಾರ, 2024ರ ಡಿಸೆಂಬರ್ ಕೊನೆಯಿಂದ ಈ ಅಲಾರಂಗಳು ಒಂದೋ ಮನೆಯ ವೈರಿಂಗ್‌ಗೆ ಜೋಡಿಸಿದವಾಗಿರಬೇಕು, ಇಲ್ಲವೇ ಬ್ಯಾಟರಿ ತೆಗೆಯಲು ಬಾರದ, ಹತ್ತು ವರ್ಷ ಬಾಳುವ ಸೀಲ್ ಮಾಡಿದ ಮಾದರಿಯಾಗಿರಬೇಕು. ಕಾರಣ ನಮಗೆಲ್ಲ ಗೊತ್ತಿರುವುದೇ. ಒಗ್ಗರಣೆ ಹಾಕಿದಾಗಲೆಲ್ಲ ಅಲಾರಂ ಕೂಗುತ್ತದೆ, ಯಾರೋ ಸ್ಟೂಲ್ ಹತ್ತಿ 9 ವೋಲ್ಟ್ ಬ್ಯಾಟರಿ ಕಿತ್ತು ಡ್ರಾಯರಿನಲ್ಲಿಡುತ್ತಾರೆ, ಮತ್ತೆ ಹಾಕುವುದು ಮರೆತೇ ಹೋಗುತ್ತದೆ. ಸೀಲ್ ಮಾಡಿದ್ದರೆ ಕೀಳಲು ಏನೂ ಇರುವುದಿಲ್ಲ. ಒಲೆಯಿಂದ 10 ಅಡಿಯಾದರೂ ದೂರ ಹಾಕಿದರೆ ಸುಮ್ಮನೆ ಕೂಗುವುದು ಬಹಳಷ್ಟು ಕಡಿಮೆಯಾಗುತ್ತದೆ. ಗೋಡೆಗೆ ಹಾಕುವುದಾದರೆ ಚಾವಣಿಯಿಂದ 12 ಇಂಚಿನೊಳಗೆ ಇರಲಿ.

ಪ್ರತಿಯೊಂದನ್ನೂ ಕೆಳಗಿಳಿಸಿ ಬೆನ್ನು ನೋಡಿ. ತಯಾರಾದ ದಿನಾಂಕ ಅಲ್ಲಿ ಅಚ್ಚಾಗಿರುತ್ತದೆ. ಹತ್ತು ವರ್ಷ ದಾಟಿದ್ದರೆ ಗುಂಡಿ ಒತ್ತಿದಾಗ ಕೂಗಿದರೂ ಬದಲಿಸಿ. ಆ ಗುಂಡಿ ಮುಖ್ಯವಾಗಿ ಬ್ಯಾಟರಿ ಮತ್ತು ಸದ್ದನ್ನು ಪರೀಕ್ಷಿಸುತ್ತದೆ, ಒಳಗಿನ ಸೆನ್ಸರ್‌ನಲ್ಲಿ ಧೂಳು ಕೂತಿದೆಯೇ ಎಂಬುದನ್ನಲ್ಲ.

ಗ್ಯಾಸ್ ಒಲೆ, ಗ್ಯಾಸ್ ಹೀಟರ್, ಫೈರ್‌ಪ್ಲೇಸ್ ಇದ್ದರೆ ಅಥವಾ ಮನೆಗೆ ಅಂಟಿಕೊಂಡ ಗ್ಯಾರೇಜ್ ಇದ್ದರೆ ಮಲಗುವ ಕೋಣೆಗಳ ಹೊರಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಬೇಕು. ಇದು 2022ರ ಡಿಸೆಂಬರ್‌ನಿಂದ ಕಡ್ಡಾಯ. ವಾಸನೆಯಿಲ್ಲದ, ಬಣ್ಣವಿಲ್ಲದ ಅನಿಲ ಅದು. ಅಲಾರಂ ಬಿಟ್ಟರೆ ಎಚ್ಚರಿಸುವವರು ಯಾರೂ ಇಲ್ಲ.

ವಿದ್ಯುತ್: ಮುಚ್ಚಳ, ಅರ್ಥ್, ನೀರು

ಹಾಲ್‌ನಲ್ಲೂ ಮಲಗುವ ಕೋಣೆಗಳಲ್ಲೂ ಕನಿಷ್ಠ ಎರಡು ಔಟ್‌ಲೆಟ್, ಅಥವಾ ಒಂದು ಔಟ್‌ಲೆಟ್ ಮತ್ತು ಖಾಯಂ ದೀಪ ಇರಬೇಕು. ಅಡುಗೆಮನೆಗೂ ಬಚ್ಚಲಿಗೂ ಖಾಯಂ ದೀಪ ಇರಲೇಬೇಕು. ಬಲ್ಬು ಸುಟ್ಟಿದ್ದರೆ ದೀಪ ಕೆಲಸ ಮಾಡುವುದೋ ಇಲ್ಲವೋ ಇನ್‌ಸ್ಪೆಕ್ಟರಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಎಲ್ಲ ಹೋಲ್ಡರಿಗೂ ಉರಿಯುವ ಬಲ್ಬು ಹಾಕಿ. ಒಡೆದ ಮುಚ್ಚಳ, ಕಾಣುವ ತಂತಿ, ಬ್ರೇಕರ್ ಪ್ಯಾನೆಲ್‌ನಲ್ಲಿ ಬ್ರೇಕರ್ ತೆಗೆದು ಹಾಗೇ ಬಿಟ್ಟ ಖಾಲಿ ಕಿಂಡಿ, ಇವು ಪ್ರಾಣಾಪಾಯದ ಪಟ್ಟಿಗೆ ಸೇರುತ್ತವೆ. ಆ ಕಿಂಡಿ ಮುಚ್ಚಲು ಪುಟ್ಟ ಪ್ಲಾಸ್ಟಿಕ್ ಪಟ್ಟಿಗಳೇ ಸಿಗುತ್ತವೆ, ಟೇಪು ಅಂಟಿಸಿದರೆ ನಡೆಯುವುದಿಲ್ಲ.

ಹಳೆಯ ಮನೆಗಳಲ್ಲಿ ಮೋಸ ಹೋಗುವ ಜಾಗ ಮೂರು ತೂತಿನ ಔಟ್‌ಲೆಟ್. ಮೂಲ ವೈರಿಂಗ್‌ನಲ್ಲಿ ಅರ್ಥ್ ತಂತಿಯೇ ಇರುವುದಿಲ್ಲ, ಆದರೆ ಈಗಿನ ಪ್ಲಗ್‌ಗಳು ಕೂರಲಿ ಎಂದು ಯಾರೋ ಎರಡು ತೂತಿನದನ್ನು ತೆಗೆದು ಮೂರು ತೂತಿನದು ಕೂರಿಸಿರುತ್ತಾರೆ. ಹೊರಗಿನಿಂದ ಹೊಸದಾಗಿ ಹೊಳೆಯುತ್ತದೆ, ಟೆಸ್ಟರ್ ಚುಚ್ಚಿದ ತಕ್ಷಣ ಗುಟ್ಟು ರಟ್ಟಾಗುತ್ತದೆ. ಇದಕ್ಕೆ ಮೂರು ದಾರಿಗಳನ್ನು ಹಡ್ ಒಪ್ಪುತ್ತದೆ: ನಿಜವಾದ ಅರ್ಥ್ ತಂತಿ ಎಳೆಸುವುದು, ಮತ್ತೆ ಎರಡು ತೂತಿನದನ್ನೇ ಹಾಕುವುದು, ಇಲ್ಲವೇ ಜಿಎಫ್‌ಸಿಐ ರಕ್ಷಣೆ ಕೊಡುವುದು. ಖರ್ಚಿನ ಲೆಕ್ಕದಲ್ಲೂ ಸುರಕ್ಷೆಯ ಲೆಕ್ಕದಲ್ಲೂ ಹೆಚ್ಚಿನವರಿಗೆ ಮೂರನೆಯದೇ ಹೊಂದುತ್ತದೆ.

ಜಿಎಫ್‌ಸಿಐ ಎಂದರೆ ಮಧ್ಯದಲ್ಲಿ ಎರಡು ಗುಂಡಿಗಳಿರುವ ಔಟ್‌ಲೆಟ್. ಹೋದ ಕರೆಂಟು ಅಷ್ಟೇ ವಾಪಸು ಬರುತ್ತಿದೆಯೇ ಎಂದು ಅದು ಕ್ಷಣಕ್ಷಣವೂ ತೂಗಿ ನೋಡುತ್ತದೆ. ಒದ್ದೆ ಕೈಯ ಮೂಲಕ ಒಂದಿಷ್ಟು ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ನಮ್ಮೂರ ಮನೆಗಳ ಮೀಟರ್ ಬೋರ್ಡಿನ ಇಎಲ್‌ಸಿಬಿಯ ಕೆಲಸವೇ ಇದು, ಇಲ್ಲಿ ಅದು ಔಟ್‌ಲೆಟ್‌ನೊಳಗೇ ಕೂತಿದೆ. ಸಿಂಕ್ ಮುಂತಾದ ನೀರಿನ ಜಾಗದಿಂದ 6 ಅಡಿಯೊಳಗಿನ ಔಟ್‌ಲೆಟ್‌ಗಳಿಗೆ ಈ ರಕ್ಷಣೆ ಇರಬೇಕು. ಪರೀಕ್ಷಿಸುವಾಗ ಟೆಸ್ಟ್ ಗುಂಡಿ ಒತ್ತಿದರೆ ಟಕ್ಕೆಂದು ಕಡಿಯಬೇಕು, ರೀಸೆಟ್ ಒತ್ತಿದರೆ ಕೂಡಿಕೊಳ್ಳಬೇಕು. ಅರ್ಥ್ ಇಲ್ಲದ ಕಡೆ ಹಾಕಿದ ಜಿಎಫ್‌ಸಿಐ ಅನ್ನು ಕೈಯಲ್ಲಿರುವ ಟೆಸ್ಟರಿನ ಗುಂಡಿಯಿಂದ ಪರೀಕ್ಷಿಸಿದರೆ ಅದು ಕಡಿಯುವುದಿಲ್ಲ, ಏಕೆಂದರೆ ಆ ಟೆಸ್ಟರು ಕರೆಂಟನ್ನು ಹರಿಸುವುದೇ ಅರ್ಥ್ ದಾರಿಯಲ್ಲಿ. ಕೆಟ್ಟಿದೆ ಎಂದು ಬಿಚ್ಚಿ ಬಿಸಾಡುವ ಮೊದಲು ಔಟ್‌ಲೆಟ್‌ನ ಸ್ವಂತ ಗುಂಡಿ ಒತ್ತಿ ನೋಡಿ. ಅಂಥ ಔಟ್‌ಲೆಟ್ ಮೇಲೆ 'ನೋ ಎಕ್ವಿಪ್‌ಮೆಂಟ್ ಗ್ರೌಂಡ್' ಎಂಬ ಚೀಟಿ ಅಂಟಿಸಿರಬೇಕು, ಡಬ್ಬಿಯೊಳಗೇ ಅದು ಬಂದಿರುತ್ತದೆ.

ವಾಟರ್ ಹೀಟರಿನ ಪಕ್ಕದ ಪೈಪು

ಟ್ಯಾಂಕ್ ಇರುವ ಪ್ರತಿ ವಾಟರ್ ಹೀಟರಿಗೂ ಮೇಲ್ಭಾಗದಲ್ಲಿ ಒಂದು ರಿಲೀಫ್ ವಾಲ್ವ್ ಇರುತ್ತದೆ. ಪ್ರೆಶರ್ ಕುಕ್ಕರಿನ ಸೇಫ್ಟಿ ವಾಲ್ವ್‌ನ ಅಣ್ಣ ಅದು. ಥರ್ಮೋಸ್ಟಾಟ್ ಕೆಟ್ಟು ನೀರು ಕಾಯುತ್ತಲೇ ಹೋದರೆ, ಸಾಮಾನ್ಯವಾಗಿ 210 ಡಿಗ್ರಿ ಫ್ಯಾರನ್‌ಹೀಟ್ ಅಥವಾ 150 ಪಿಎಸ್‌ಐ ಒತ್ತಡದಲ್ಲಿ ತೆರೆದುಕೊಂಡು ನೀರನ್ನು ಹೊರಬಿಡುತ್ತದೆ. ಆ ಕುದಿನೀರು ಪಕ್ಕದಲ್ಲಿ ನಿಂತವರ ಮುಖಕ್ಕೆ ಎರಚಬಾರದು ಎಂದು ವಾಲ್ವ್‌ನಿಂದ ಕೆಳಮುಖವಾಗಿ ಪೈಪು ಬೇಕು.

ತಪ್ಪುಗಳೆಲ್ಲ ಈ ಪೈಪಿನಲ್ಲೇ. ಕೆಲವೆಡೆ ಪೈಪೇ ಇರುವುದಿಲ್ಲ. ಕೆಲವೆಡೆ ಅರ್ಧಕ್ಕೇ ನಿಂತಿರುತ್ತದೆ, ಅದು ನೆಲದಿಂದ 6 ಇಂಚಿನೊಳಗೆ ಬರಬೇಕು, ನೆಲಕ್ಕೆ ತಾಗಲೂಬಾರದು. ಕೆಲವೆಡೆ ಬಿಳಿ ಪಿವಿಸಿ ಹಾಕಿರುತ್ತಾರೆ, ಆ ಬಿಸಿಗೆ ಅದು ತಡೆಯುವುದಿಲ್ಲ. ತಾಮ್ರ ಅಥವಾ ಬಿಸಿ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಹಾಕಬೇಕು, ವಾಲ್ವ್ ಬಾಯಿ ಮುಕ್ಕಾಲು ಇಂಚಿದ್ದರೆ ಪೈಪೂ ಅಷ್ಟೇ ಇರಬೇಕು. ನಡುವೆ ಎಲ್ಲೂ ಮೇಲಕ್ಕೆ ಏರಬಾರದು, ಏರಿದರೆ ನೀರು ನಿಂತು ವಾಲ್ವ್ ತುಕ್ಕು ಹಿಡಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಹನಿ ತೊಟ್ಟಿಕ್ಕುತ್ತಿದೆ ಎಂದು ತುದಿಗೆ ಕ್ಯಾಪ್ ತಿರುಗಿಸಿಬಿಡುವುದು. ಕುಕ್ಕರಿನ ಸೇಫ್ಟಿ ವಾಲ್ವ್‌ಗೆ ಮೊಳೆ ಬಡಿದಂತೆ ಅದು. ತುದಿಯಲ್ಲಿ ಕ್ಯಾಪ್ ಕೂರಿಸಲು ಬರುವ ತಿರುಪಿನ ಗೆರೆಗಳೇ (ಥ್ರೆಡ್) ಇರಬಾರದೆಂದು ನಿಯಮವಿರುವುದು ಇದಕ್ಕಾಗಿಯೇ.

ಗ್ಯಾಸ್ ಹೀಟರ್ ಆದರೆ ಹೊಗೆ ಕೊಳವೆಯನ್ನು ಬುಡದಿಂದ ತುದಿಯವರೆಗೆ ಕಣ್ಣಿಟ್ಟು ನೋಡಿ. ಒಂದು ಕೀಲು ಜಾರಿದ್ದರೂ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುತ್ತದೆ.

ಇನ್ನು ಮನೆ ಬಿಸಿ ಮಾಡುವ ವ್ಯವಸ್ಥೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಒಳಗೆ 68 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 20 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿರಬೇಕು. ಹೊಗೆ ಕೊಳವೆಯಿಲ್ಲದ ಗ್ಯಾಸ್ ಅಥವಾ ಸೀಮೆಎಣ್ಣೆ ಹೀಟರು ಇರುವಂತಿಲ್ಲ.

1978ಕ್ಕಿಂತ ಹಳೆಯ ಮನೆಯೇ? ಬಣ್ಣ ನೋಡಿ

ಅಮೆರಿಕದಲ್ಲಿ ಮನೆಗಳಿಗೆ ಸೀಸ ಬೆರೆತ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಮೊದಲು ಕಟ್ಟಿದ ಮನೆಗೆ 6 ವರ್ಷದೊಳಗಿನ ಮಗುವಿರುವ ಕುಟುಂಬ ಬರುವುದಾದರೆ, ಎಲ್ಲೇ ಬಣ್ಣ ಚಕ್ಕೆ ಎದ್ದಿದ್ದರೂ ಅದು ದೋಷ. ಕಿಟಕಿಯ ಚೌಕಟ್ಟಿನ ಕೆಳಪಟ್ಟಿಯನ್ನು ಬೆರಳಿನಿಂದ ಸವರಿ ನೋಡಿ. ಕಿಟಕಿ ಮೇಲೆ ಕೆಳಗೆ ಸರಿದಾಗಲೆಲ್ಲ ಬಣ್ಣ ಉಜ್ಜಿಹೋಗಿ ಅಲ್ಲಿ ಹಿಟ್ಟಿನಂಥ ಪುಡಿ ಕೂತಿರುತ್ತದೆ. ಅಂಬೆಗಾಲಿಡುವ ಮಗು ಅದೇ ಪಟ್ಟಿ ಹಿಡಿದು ನಿಲ್ಲುತ್ತದೆ, ಕೈಯನ್ನು ಬಾಯಿಗಿಡುತ್ತದೆ. ಸೀಸ ಮೆದುಳಿನ ಬೆಳವಣಿಗೆಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಈ ನಿಯಮವನ್ನು ತೊಂದರೆ ಎಂದು ನೋಡುವವರು ಆ ಪುಡಿಯನ್ನೊಮ್ಮೆ ಕಣ್ಣಾರೆ ನೋಡಬೇಕು.

ಅದರ ಮೇಲೆಯೇ ಹೊಸ ಬಣ್ಣ ಬಳಿದರೆ ಸಾಲದು. ಸಡಿಲವಾದುದನ್ನು ನೀರು ಚಿಮುಕಿಸಿ ಒದ್ದೆ ಮಾಡಿ ಕೆರೆದು, ಸೋರಿಕೆಯಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಪ್ರೈಮರ್ ಮತ್ತು ಬಣ್ಣ. ಒಣಗಿದ್ದನ್ನು ಮರಳುಕಾಗದದಲ್ಲಿ ಉಜ್ಜುವುದು, ಬೆಂಕಿಯಿಂದ ಸುಟ್ಟು ತೆಗೆಯುವುದು ಸೀಸವನ್ನು ಮನೆಯೆಲ್ಲ ಹರಡುತ್ತದೆ. ಹಾಳಾದ ಜಾಗ ಹೊರಗೋಡೆಯಲ್ಲಿ ಒಟ್ಟು 20 ಚದರ ಅಡಿ, ಒಂದು ಕೋಣೆಯಲ್ಲಿ 2 ಚದರ ಅಡಿ, ಅಥವಾ ಕಿಟಕಿ ಪಟ್ಟಿಯಂಥ ಸಣ್ಣ ಭಾಗದ 10% ದಾಟಿದರೆ ತರಬೇತಿ ಪಡೆದವರೇ ಕೆಲಸ ಮಾಡಿ, ಕೊನೆಗೆ ಧೂಳಿನ ಪರೀಕ್ಷೆಯಲ್ಲಿ ಪಾಸಾಗಬೇಕು. ಸೀಸದ ಬಗ್ಗೆ ಬಾಡಿಗೆದಾರರಿಗೆ ಸರ್ಕಾರಿ ಕಿರುಹೊತ್ತಗೆ ಮತ್ತು ಲಿಖಿತ ಮಾಹಿತಿ ಕೊಟ್ಟು ಸಹಿ ಪಡೆಯುವುದೂ ಕಡ್ಡಾಯ.

ಕಿಟಕಿ, ಬಾಗಿಲು, ಮೆಟ್ಟಿಲು

ಹೊರಗಿನಿಂದ ಕೈಗೆಟಕುವ ಪ್ರತಿ ಕಿಟಕಿಗೂ ಚಿಲಕ ಇರಬೇಕು, ಅದು ಬೀಳಬೇಕು. ಎತ್ತಿದ ಕಿಟಕಿ ಕೈಬಿಟ್ಟರೂ ನಿಲ್ಲಬೇಕು, ಕೋಲು ಕೊಟ್ಟು ನಿಲ್ಲಿಸುವಂತಿರಬಾರದು. ಬಣ್ಣ ಅಂಟಿ ತೆರೆಯದಾದ ಕಿಟಕಿಯ ಅಂಚಿನಲ್ಲಿ ಬ್ಲೇಡ್ ಎಳೆದು ಬಿಡಿಸಿ. ಮಲಗುವ ಕೋಣೆಯ ಕಿಟಕಿಗೆ ಕಂಬಿಯಿದ್ದರೆ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕು. ಒಳಗಿನಿಂದಲೂ ಕೀಲಿ ಬೇಕಾಗುವ ಡೆಡ್‌ಬೋಲ್ಟನ್ನು ಅನೇಕ ಅಥಾರಿಟಿಗಳು ಫೇಲ್ ಮಾಡುತ್ತವೆ. ಬೆಂಕಿ ಬಿದ್ದಾಗ ಕೀಲಿ ಹುಡುಕುವ ಹೊತ್ತು ಇರುವುದಿಲ್ಲ.

ನಾಲ್ಕು ಅಥವಾ ಹೆಚ್ಚು ಮೆಟ್ಟಿಲಿರುವ ಕಡೆಯೆಲ್ಲ ಕೈಹಿಡಿ ಬೇಕು. ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲು, ಮನೆ ಮುಂದಿನ ಸಿಮೆಂಟ್ ಮೆಟ್ಟಿಲು ಎರಡನ್ನೂ ಮರೆಯಬೇಡಿ. ನೆಲದಿಂದ 30 ಇಂಚಿಗಿಂತ ಎತ್ತರದ ಜಗುಲಿ, ಬಾಲ್ಕನಿಗೆ ತಡೆಕಂಬಿ ಬೇಕು. ಕೈಯಿಂದ ಅಲುಗಾಡಿಸಿ ನೋಡಿ, ಇನ್‌ಸ್ಪೆಕ್ಟರೂ ಅದನ್ನೇ ಮಾಡುತ್ತಾರೆ. ಓಡಾಡುವ ದಾರಿಯಲ್ಲಿ ಮುಕ್ಕಾಲು ಇಂಚು ಏರಿಳಿತವಿದ್ದರೂ ಎಡವುವ ಅಪಾಯ ಎಂದು ಬರೆಯುತ್ತಾರೆ.

ಅಡುಗೆಮನೆ ಮತ್ತು ಬಚ್ಚಲು

ಒಲೆಯ ಎಲ್ಲ ಬರ್ನರ್‌ಗಳೂ ಹೊತ್ತಬೇಕು, ಎಲ್ಲ ನಾಬ್‌ಗಳೂ ಇರಬೇಕು. ಫ್ರಿಜ್ ಬಾಗಿಲಿನ ರಬ್ಬರ್ ಹರಿದಿರಬಾರದು. ಒಲೆ, ಫ್ರಿಜ್ ಬಾಡಿಗೆದಾರರದೇ ಎಂದು ಒಪ್ಪಂದವಾಗಿದ್ದರೆ ಅದನ್ನು ಬಾಡಿಗೆಯ ಅನುಮತಿಗೆಂದು ಅಥಾರಿಟಿಗೆ ಕೊಡುವ ಅರ್ಜಿಯಲ್ಲಿ ಬರೆದಿರಲಿ. ಸಿಂಕಿನ ಕೆಳಗೆ ಒಣ ಟಿಶ್ಯೂ ಕಾಗದ ಹಾಸಿ ಐದು ನಿಮಿಷ ನಲ್ಲಿ ಬಿಟ್ಟರೆ ಹನಿ ಎಲ್ಲಿಂದ ಬೀಳುತ್ತದೆ ಎಂಬುದು ಕಾಣುತ್ತದೆ.

ಬಚ್ಚಲಲ್ಲಿ ತೆರೆಯುವ ಕಿಟಕಿ ಅಥವಾ ಗಾಳಿ ಹೊರಹಾಕುವ ಫ್ಯಾನ್ ಬೇಕು. ಕಮೋಡನ್ನು ಎರಡು ಕಡೆಯಿಂದ ಹಿಡಿದು ಅಲ್ಲಾಡಿಸಿ. ಅಲುಗಾಡಿದರೆ ಬುಡದ ಬೋಲ್ಟ್ ಬಿಗಿಮಾಡಿ, ಆದರೂ ನೀರು ಜಿನುಗಿದರೆ ಅಡಿಯ ವ್ಯಾಕ್ಸ್ ರಿಂಗ್ (ಮೇಣದ ಬಳೆ) ಬದಲಿಸಬೇಕು. ಬೂಷ್ಟಿನ ಮೇಲೆ ಬಣ್ಣ ಬಳಿದು ಮುಚ್ಚಬೇಡಿ, ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನು ಹುಡುಕಿ. ಜಿರಲೆ, ಇಲಿ, ತಿಗಣೆಯ ಗುರುತು ಕಂಡರೂ ಫೇಲ್.

ತಪಾಸಣೆಯ ದಿನ

ಕರೆಂಟು, ನೀರು, ಗ್ಯಾಸ್ ಮೂರೂ ಚಾಲೂ ಇರಬೇಕು. ಮನೆ ಖಾಲಿಯೆಂದು ಗ್ಯಾಸ್ ನಿಲ್ಲಿಸಿದ್ದರೆ ಹೀಟರ್ ಪರೀಕ್ಷಿಸಲಾಗದೆ ಅಲ್ಲಿಗೇ ಮುಗಿಯಿತು. ಬೇಸ್‌ಮೆಂಟ್, ಗ್ಯಾರೇಜ್, ಬ್ರೇಕರ್ ಪ್ಯಾನೆಲ್‌ನ ಬೀಗ ತೆಗೆದಿಡಿ, ದೊಡ್ಡವರು ಯಾರಾದರೂ ಒಬ್ಬರು ಇರಲಿ. ಮನೆಯಲ್ಲಿ ಬಾಡಿಗೆದಾರರಿದ್ದರೆ ನಿಮ್ಮ ರಾಜ್ಯದ ಕಾನೂನು ಹೇಳಿದಷ್ಟು ಮುಂಚೆ ತಿಳಿಸಿ, ಕೆಲವು ದಿನ ಮೊದಲೇ ಒಂದು ಸುತ್ತು ಹಾಕಿ. ಕಿಟಕಿಗೆ ಅಡ್ಡ ನಿಂತ ಮಂಚ, ಕಳಚಿಟ್ಟ ಅಲಾರಂ, ಇವು ವಾಸವಿರುವ ಮನೆಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ.

ಫೇಲ್ ಆದರೆ

ವಾಸವಿರುವ ಮನೆಯಲ್ಲಿ ಪ್ರಾಣಾಪಾಯದ ದೋಷ ಸಿಕ್ಕರೆ 24 ಗಂಟೆಯೊಳಗೆ, ಉಳಿದವುಗಳನ್ನು 30 ದಿನದೊಳಗೆ ಸರಿಪಡಿಸಬೇಕು. ಬಿಡಿಭಾಗ ಸಿಗಲು ತಡವಾದರೆ, ಮಳೆಗಾಲದಲ್ಲಿ ಹೊರಗೋಡೆಗೆ ಬಣ್ಣ ಹಿಡಿಯದಿದ್ದರೆ, ಗಡುವು ಮುಗಿಯುವ ಮೊದಲೇ ಬರೆದು ಕೇಳಿದರೆ ಹೆಚ್ಚು ದಿನ ಸಿಗಬಹುದು. ಗಡುವು ಮೀರಿದರೆ ಅಥಾರಿಟಿ ತನ್ನ ಪಾಲಿನ ಬಾಡಿಗೆಯನ್ನು ನಿಲ್ಲಿಸುತ್ತದೆ. ನಿಂತ ಆ ದಿನಗಳ ಹಣ ರಿಪೇರಿ ಮುಗಿದ ಮೇಲೂ ವಾಪಸು ಬರುವುದಿಲ್ಲ, ಅದನ್ನು ಬಾಡಿಗೆದಾರರಿಂದ ವಸೂಲಿ ಮಾಡುವಂತೆಯೂ ಇಲ್ಲ.

ದೋಷಕ್ಕೆ ಬಾಡಿಗೆದಾರರೇ ಕಾರಣವಾಗಿರುವುದೂ ಉಂಟು. ಅವರು ಕಟ್ಟಬೇಕಾದ ಕರೆಂಟ್ ಬಿಲ್ ಕಟ್ಟದೆ ಸಂಪರ್ಕ ಹೋಗಿದ್ದರೆ, ಅವರದೇ ಒಲೆ ಕೆಟ್ಟಿದ್ದರೆ, ಸಹಜ ಸವೆತ ಮೀರಿ ಏನಾದರೂ ಮುರಿದಿದ್ದರೆ ಸರಿಪಡಿಸುವ ಹೊಣೆಯನ್ನು ಅಥಾರಿಟಿ ಅವರ ಮೇಲೆ ಹಾಕಬಹುದು. ಆದರೆ ಆ ಹಾನಿ ಮೊದಲು ಇರಲಿಲ್ಲ ಎಂದು ತೋರಿಸಬೇಕಾದವರು ನೀವು. ಮನೆ ಒಪ್ಪಿಸುವ ದಿನ ಪ್ರತಿ ಕೋಣೆಯ, ಪ್ರತಿ ಕಿಟಕಿಯ, ಪ್ರತಿ ಅಲಾರಂನ ದಿನಾಂಕ ಸಹಿತ ಫೋಟೋ ತೆಗೆದಿಡಿ. ರಿಪೇರಿಯ ರಸೀದಿಗಳನ್ನೂ ಅದೇ ಫೋಲ್ಡರಿಗೆ ಹಾಕಿ. ಎರಡು ವರ್ಷದ ನಂತರದ ತಪಾಸಣೆಗೆ ಸುತ್ತು ಹೊರಡುವಾಗ ಮೊದಲು ತೆರೆಯಬೇಕಾದ್ದು ಆ ಫೋಲ್ಡರನ್ನೇ.